ವೀನಸ್ ಆಗಿ ನಿಂತವಳು ಯಾರು?

ಗ್ರೀಕರದ್ದೊಂದು ಹಳೇ ಕಥೆ ಇದೆ. ಜ್ಯೂಕ್ಸಿಸ್ ಅಂತ ಒಬ್ಬ ಹೆಸರಾಂತ ಚಿತ್ರಗಾರ. ಕ್ರೋಟನ್ ಎಂಬ ಊರಿನವರು ತಮ್ಮ ದೇವಾಲಯಕ್ಕೆ ಚಿತ್ರ ಬರೆಯೋದಕ್ಕೆ ಅವನನ್ನು ಕರೆಸಿದರು. ‘ಹೆಲೆನ್ ಚಿತ್ರ ಬರೀತೀನಿ’ ಅಂದ. ಹೆಲೆನ್ ಅಂದ್ರೆ ಟ್ರಾಯ್ ಯುದ್ಧಕ್ಕೆ ಕಾರಣಳಾದವಳು, ಲೋಕದಲ್ಲೇ ಅಂಥ ಚೆಲುವೆ ಇಲ್ಲ ಅನ್ನಿಸಿಕೊಂಡವಳು. ‘ನಿಮ್ಮೂರಲ್ಲಿ ಚೆಂದದ ಹುಡುಗಿಯರು ಯಾರಿದ್ದಾರೆ, ತೋರಿಸಿ’ ಎಂದು ಕೇಳಿದ. ಊರವರು ಅವನನ್ನು ಗರಡಿಗೆ ಕರೆದುಕೊಂಡು ಹೋಗಿ, ಕುಸ್ತಿ ಮಾಡುತ್ತಿದ್ದ ಹುಡುಗರನ್ನು ತೋರಿಸಿ, ‘ಇವರ ತಂಗಿಯರು ಮನೇಲಿದ್ದಾರೆ, ಅಣ್ಣಂದಿರನ್ನು ನೋಡಿ ನೀನೇ ಅಂದಾಜು ಮಾಡ್ಕೋ’ ಅಂದರಂತೆ! ಕೊನೆಗೆ ಊರಿನ ಸಭೆ ಸೇರಿ ಒಪ್ಪಿಗೆ ಕೊಟ್ಟ ಮೇಲೆ ಹುಡುಗಿಯರು ಬಂದರು. ಜ್ಯೂಕ್ಸಿಸ್ ಅವರಲ್ಲಿ ಒಬ್ಬಳನ್ನಲ್ಲ, ಐವರನ್ನು ಆರಿಸಿಕೊಂಡ. ಎಲ್ಲ ಚೆಲುವನ್ನೂ ಪ್ರಕೃತಿ ಒಬ್ಬಳಿಗೇ ಕೊಡೋದಿಲ್ಲ ಅನ್ನೋದು ಅವನ ಲೆಕ್ಕ. ಒಬ್ಬೊಬ್ಬಳಿಂದ ಒಂದೊಂದನ್ನು ತೆಗೆದುಕೊಂಡು ಒಬ್ಬ ಹೆಲೆನಳನ್ನು ಮಾಡಿದ.

ಈ ಕಥೆ ಹೇಳಿದವನು ರೋಮಿನ ಸಿಸೆರೊ. ಆ ಐವರ ಹೆಸರನ್ನು ಎಷ್ಟೋ ಕವಿಗಳು ದಾಖಲಿಸಿದ್ದಾರೆ ಎಂದೂ ಅವನೇ ಹೇಳುತ್ತಾನೆ. ಆದರೆ ತಾನು ಮಾತ್ರ ಒಂದು ಹೆಸರನ್ನೂ ಬರೆಯೋದಿಲ್ಲ.

1789ರಲ್ಲಿ, ಫ್ರಾನ್ಸಿನಲ್ಲಿ ಮಹಾಕ್ರಾಂತಿ ಶುರುವಾದ ವರ್ಷವೇ, ಫ್ರಾಂಸ್ವಾ-ಆಂದ್ರೆ ವ್ಯಾಂಸಾಂ ಎಂಬ ಕಲಾವಿದ ಇದೇ ಕಥೆಯನ್ನು ಒಂದು ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದ. ಜ್ಯೂಕ್ಸಿಸ್ ಇದ್ದಾನೆ, ಅವನ ಬೋರ್ಡು ಇದೆ, ಆಯ್ಕೆಗೆ ನಿಂತ ಹುಡುಗಿಯರಿದ್ದಾರೆ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಆ ಕಾಲದ ಫ್ರೆಂಚ್ ಚಿತ್ರಗಾರರೆಲ್ಲ ಏನು ಮಾಡುತ್ತಿದ್ದರು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಿಜವಾದ ಹೆಣ್ಣುಮಕ್ಕಳನ್ನು, ನಿಜವಾದ ಹುಡುಗರನ್ನು ಎದುರಿಗೆ ನಿಲ್ಲಿಸಿಕೊಂಡು, ಅವರಲ್ಲಿ ಬೇಕಾದ್ದನ್ನಷ್ಟೇ ತೆಗೆದುಕೊಂಡು, ಉಳಿದದ್ದನ್ನು ಅಳಿಸಿ, ಮೇಲೆ ಒಂದು ದೇವತೆಯ ಹೆಸರು ಇಟ್ಟುಬಿಡುತ್ತಿದ್ದರು.

ಮಗಳು ಫ್ರಾನ್ಸಿನಲ್ಲಿ ಕೆಲಸದಲ್ಲಿದ್ದಾಳೆ. ಹಾಗಾಗಿ ಈ ಚಿತ್ರಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಆ ದೊಡ್ಡ ಹಾಲ್‌ಗಳಲ್ಲಿ ಕಾಲು ನೋಯುವಷ್ಟು ನಡೆದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಈ ವೀನಸ್, ಈ ಸೈಕಿ, ಈ ಹೆಲೆನ್ ಆಗಿ ನಿಂತವರು ಯಾರು?

ಪುರಾಣವೇ ಯಾಕೆ?

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಸುಮಾರು 1760ರಿಂದ 1830ರವರೆಗೆ ಫ್ರಾನ್ಸಿನಲ್ಲಿ ನಡೆದ ಚಿತ್ರಶೈಲಿಗೆ ನಿಯೋಕ್ಲಾಸಿಕಲ್ ಅನ್ನುತ್ತಾರೆ. ಹಳೆಯ ಗ್ರೀಸ್-ರೋಮುಗಳ ಶಿಲ್ಪವನ್ನೇ ಮಾದರಿಯಾಗಿಟ್ಟುಕೊಂಡ ಶೈಲಿ ಅದು. ಗೆರೆ ಸ್ಪಷ್ಟ, ಬಣ್ಣ ಹದ, ಕುಂಚದ ಗುರುತೇ ಕಾಣದಷ್ಟು ನುಣುಪು.

1648ರಲ್ಲಿ ಶುರುವಾದ ರಾಜ ಅಕಾಡೆಮಿ ಚಿತ್ರಗಳಿಗೆ ದರ್ಜೆ ನಿಗದಿ ಮಾಡಿತ್ತು. ಎಲ್ಲಕ್ಕಿಂತ ಮೇಲೆ ಇತಿಹಾಸ, ಧರ್ಮ, ಪುರಾಣದ ಚಿತ್ರಗಳು. ಕೆಳಗೆ ಭಾವಚಿತ್ರ, ಅದರ ಕೆಳಗೆ ದಿನನಿತ್ಯದ ಬದುಕು, ಭೂದೃಶ್ಯ. ಹೂವು-ಹಣ್ಣು-ಪಾತ್ರೆಯ ಚಿತ್ರ ಕಟ್ಟಕಡೆಗೆ. ದೊಡ್ಡ ಹೆಸರು ಬೇಕು ಅಂದ್ರೆ ಪುರಾಣ ಬರೆಯಲೇಬೇಕು. ಹುಡುಗರು ‘ರೋಮ್ ಬಹುಮಾನ’ಕ್ಕೆ ಸ್ಪರ್ಧಿಸುತ್ತಿದ್ದರು. ಗೆದ್ದವನಿಗೆ ಸರ್ಕಾರದ ಖರ್ಚಿನಲ್ಲಿ ರೋಮಿನಲ್ಲಿ ವರ್ಷಗಟ್ಟಲೆ ಕಲಿಯುವ ಅವಕಾಶ. ಜಾಕ್-ಲೂಯಿ ದಾವೀದ್ ಗೆದ್ದಿದ್ದು 1774ರಲ್ಲಿ, ಅವನ ಶಿಷ್ಯ ಆಂಗ್ರ್ ಗೆದ್ದಿದ್ದು 1801ರಲ್ಲಿ.

ಕಲಿಕೆಯ ಕ್ರಮವೂ ಹಾಗೇ ಇತ್ತು. ಮೊದಲು ಅಚ್ಚಿನ ಚಿತ್ರ ನೋಡಿ ಬರೆಯಬೇಕು. ಆಮೇಲೆ ಹಳೆಯ ವಿಗ್ರಹಗಳ ಪ್ಲಾಸ್ಟರ್ ಪಡಿಯಚ್ಚು ನೋಡಿ ಬರೆಯಬೇಕು. ಆಮೇಲಷ್ಟೇ ಜೀವಂತ ಮನುಷ್ಯನ ಮೈ. ಅಷ್ಟು ಹೊತ್ತಿಗೆ ಹುಡುಗನ ಕಣ್ಣಿನಲ್ಲಿ ಕಲ್ಲಿನ ಅಪೊಲೊ, ಕಲ್ಲಿನ ವೀನಸ್ ಕೂತುಬಿಟ್ಟಿರುತ್ತಿದ್ದರು. ಎದುರಿಗೆ ನಿಂತ ಮನುಷ್ಯನ ಹೆಗಲು ಇಳಿದಿದ್ದರೆ, ಹೊಟ್ಟೆ ಸ್ವಲ್ಪ ಮುಂದಿದ್ದರೆ, ಕೈ ತಾನಾಗಿಯೇ ಅದನ್ನು ತಿದ್ದುತ್ತಿತ್ತು. ಹಾಗೆ ತಿದ್ದಿ ಬಂದ ರೂಪಕ್ಕೆ ‘ಆದರ್ಶ ಸೌಂದರ್ಯ’ ಅಂತ ಹೆಸರು.

ಈ ಆದರ್ಶಕ್ಕೆ ಮಾತು ಕೊಟ್ಟವನು ಜರ್ಮನಿಯ ವಿಂಕೆಲ್‌ಮನ್, ಒಬ್ಬ ಚಮ್ಮಾರನ ಮಗ. ಗ್ರೀಕ್ ಕಲೆಯ ಸರಳತೆ, ಶಾಂತಿಗಳನ್ನು ಹೊಗಳಿ 1755ರಲ್ಲಿ ಒಂದು ಪುಟ್ಟ ಪುಸ್ತಕ, 1764ರಲ್ಲಿ ಒಂದು ದೊಡ್ಡ ಗ್ರಂಥ ಬರೆದ. ಇಡೀ ಯುರೋಪು ಓದಿತು. ಆತ ಒಮ್ಮೆಯೂ ಗ್ರೀಸಿಗೆ ಹೋದವನಲ್ಲ. ಅವನು ನೋಡಿ ಮರುಳಾದದ್ದು ರೋಮಿನಲ್ಲಿದ್ದ ಶಿಲ್ಪಗಳಿಗೆ. ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಮೂಲಗಳನ್ನು ನೋಡಿ ರೋಮನ್ನರ ಕಾಲದಲ್ಲಿ ಮಾಡಿದ ಪ್ರತಿಗಳು. 1798ರಲ್ಲಿ ಫ್ರೆಂಚರು ಇಟಲಿಯಿಂದ ಅಪೊಲೊ, ಲಾವೊಕೂನ್ ಮುಂತಾದ ವಿಗ್ರಹಗಳನ್ನೇ ಯುದ್ಧದ ಗೆಲುವಿನ ಕಾಣಿಕೆಯಾಗಿ ಪ್ಯಾರಿಸ್ಸಿಗೆ ಮೆರವಣಿಗೆಯಲ್ಲಿ ತಂದರು. ನೆಪೋಲಿಯನ್ ಸೋತ ಮೇಲೆ ಅವನ್ನು ವಾಪಸ್ಸು ಕೊಡಬೇಕಾಯಿತು, ಅದು ಬೇರೆ ಮಾತು.

ಬಿಳಿ ಬಣ್ಣದ ಮೋಹ

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಮಣ್ಣಿನಿಂದ ಅಗೆದು ತೆಗೆದ ಗ್ರೀಕ್-ರೋಮನ್ ವಿಗ್ರಹಗಳು ಬೆಳ್ಳಗಿದ್ದವು. ಹಾಗಾಗಿ ಚೆಲುವು ಅಂದ್ರೆ ಬಿಳುಪು ಅಂತಲೇ ಆಯಿತು. ಆದರೆ ಆ ವಿಗ್ರಹಗಳು ಹುಟ್ಟಿದಾಗ ಬೆಳ್ಳಗಿರಲಿಲ್ಲ! ತುಟಿಗೆ, ಕೂದಲಿಗೆ, ಉಡುಪಿಗೆ ಬಣ್ಣ ಬಳಿದಿರುತ್ತಿದ್ದರು. ಶತಮಾನಗಳ ಕಾಲ ಮಣ್ಣಲ್ಲಿ, ಮಳೆಯಲ್ಲಿ ಇದ್ದು ಬಣ್ಣ ಉದುರಿತ್ತು ಅಷ್ಟೆ. ಫ್ರಾನ್ಸಿನವನೇ ಆದ ಕಾತ್ರಮೇರ್ ದ ಕ್ಯಾನ್ಸಿ ಎಂಬ ವಿದ್ವಾಂಸ 1815ರ ಹೊತ್ತಿಗೇ ಗ್ರೀಕ್ ಶಿಲ್ಪದಲ್ಲಿ ಬಣ್ಣ ಇತ್ತು ಅಂತ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ್ದ. ಆದರೂ ಬಿಳಿಯ ಮೋಹ ಬಿಡಲಿಲ್ಲ.

ನನಗೆ ಇದು ಬರೀ ಕಲಾ ಇತಿಹಾಸದ ಸಂಗತಿ ಅನ್ನಿಸೋದಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದ ಕಾಲದಲ್ಲಿ ಒಬ್ಬರು ಬಂದು, ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ಹುಡುಗಿ ಲಕ್ಷಣವಾಗೇ ಇದ್ದಾಳೆ, ಬಣ್ಣ ಒಂಚೂರು ಕಮ್ಮಿ’ ಅಂದು ಎದ್ದುಹೋದರು. ಅವಳು ಒಳಗಿನ ರೂಮಿನಲ್ಲಿ ಕೇಳಿಸಿಕೊಂಡಳು. ಯಾರೋ ಎಲ್ಲೋ ಇಟ್ಟ ಅಳತೆಗೋಲು ಇನ್ಯಾರದೋ ಮನೆಯ ಮಗುವನ್ನು ಹೇಗೆ ಚುಚ್ಚುತ್ತದೆ ಅಂತ ಅವತ್ತು ನೋಡಿದೆ. ಫ್ರೆಂಚರ ಅಳತೆಗೋಲು ನಮ್ಮದಲ್ಲ, ನಮ್ಮದರ ಮೂಲ ಬೇರೆ. ಆದರೆ ಅಳತೆಗೋಲನ್ನು ಮನುಷ್ಯರೇ ಮಾಡ್ತಾರೆ, ಅದು ಆಕಾಶದಿಂದ ಇಳಿದದ್ದಲ್ಲ ಅನ್ನೋದು ಆ ಚಿತ್ರಗಳನ್ನು ನೋಡುವಾಗ ಚೆನ್ನಾಗಿ ಗೊತ್ತಾಗುತ್ತದೆ.

ಬಾಗಿಲ ಹೊರಗೆ ನಿಂತವರು

ಇಷ್ಟೆಲ್ಲ ಚೆಲುವೆಯರನ್ನು ಬರೆದ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಜಾಗ ಇತ್ತು ಅಂತೀರಾ? ನಾಲ್ಕು. ಒಂದು ಕಾಲಕ್ಕೆ ನಾಲ್ವರಿಗಿಂತ ಹೆಚ್ಚು ಮಹಿಳಾ ಸದಸ್ಯರು ಇರಬಾರದು ಎಂದು ನಿಯಮ. 1783ರಲ್ಲಿ ಅದೆಲೈಡ್ ಲಾಬೀ-ಗಿಯಾರ್ ಮತ್ತು ಎಲಿಜಬೆತ್ ವಿಜೇ ಲಬ್ರೂನ್ ಇಬ್ಬರೂ ಒಂದೇ ದಿನ ಒಳಗೆ ಬಂದರು. ಆದರೆ ಬೆತ್ತಲೆ ಮಾದರಿಯನ್ನು ನೋಡಿ ಬರೆಯುವ ತರಗತಿಗೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಮೈಯ ರಚನೆ ಕಲಿಯದೆ ಪುರಾಣದ ವೀರರನ್ನು ಬರೆಯೋದು ಹೇಗೆ? ಹಾಗಾಗಿ ಬಹುಪಾಲು ಹೆಂಗಸರು ಭಾವಚಿತ್ರಕ್ಕೆ, ಹೂವು-ಹಣ್ಣಿಗೆ ತೃಪ್ತಿಪಡಬೇಕಿತ್ತು. ಆಮೇಲೆ, ‘ನೋಡಿ, ಹೆಂಗಸರು ದೊಡ್ಡ ವಿಷಯ ಬರೆಯೋದೇ ಇಲ್ಲ’ ಅನ್ನೋ ಮಾತು ಬೇರೆ!

ಲಾಬೀ-ಗಿಯಾರ್ ಸುಮ್ಮನಿರಲಿಲ್ಲ. ತನ್ನ ಹತ್ತಿರವೇ ಹುಡುಗಿಯರನ್ನು ಸೇರಿಸಿಕೊಂಡು ಕಲಿಸಿದಳು. 1785ರಲ್ಲಿ ಇಬ್ಬರು ಶಿಷ್ಯೆಯರ ಜೊತೆ ತನ್ನದೇ ಚಿತ್ರ ಬರೆದುಕೊಂಡಳು. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕ್ರಾಂತಿಯ ನಂತರ ಅವಳು ಮದುವೆಯಾದದ್ದು ಮೊದಲು ಹೇಳಿದೆನಲ್ಲ, ಜ್ಯೂಕ್ಸಿಸ್ ಚಿತ್ರ ಬರೆದ ವ್ಯಾಂಸಾಂನನ್ನೇ.

1791ರಲ್ಲಿ ಸಲೋನ್ ಎಂಬ ದೊಡ್ಡ ಪ್ರದರ್ಶನದ ಬಾಗಿಲನ್ನು ಕ್ರಾಂತಿ ಎಲ್ಲ ಕಲಾವಿದರಿಗೂ ತೆರೆಯಿತು. ಆಗ ಒಳಗೆ ಬಂದವರಲ್ಲಿ 22ರ ಹರೆಯದ ಮಾರಿ-ಗಿಯ್ಮಿನ್ ಎಂಬ ಹುಡುಗಿಯೂ ಒಬ್ಬಳು. ಮುಂದೆ ಗಂಡನ ಮನೆತನದ ಹೆಸರಿನಿಂದ ಬೆನ್ವಾ ಎಂದೇ ಪ್ರಸಿದ್ಧಳಾದವಳು. ವಿಜೇ ಲಬ್ರೂನ್ ಹತ್ತಿರವೂ ದಾವೀದ್ ಹತ್ತಿರವೂ ಕಲಿತಿದ್ದಳು. ಅವಳು ತಂದದ್ದು ಹೂವಿನ ಚಿತ್ರವಲ್ಲ, ಪುರಾಣ. ಒಂದು ಚಿತ್ರದಲ್ಲಿ ‘ಮುಗ್ಧತೆ’ ಎಂಬ ಹುಡುಗಿ ಒಳಿತು ಮತ್ತು ಕೆಡುಕಿನ ನಡುವೆ ನಿಂತಿದ್ದಾಳೆ. ಆವರೆಗೆ ಇಂಥ ಚಿತ್ರಗಳಲ್ಲಿ ದಾರಿ ತಪ್ಪಿಸುವ ಕೆಡುಕು ಸಾಮಾನ್ಯವಾಗಿ ಹೆಣ್ಣೇ. ಬೆನ್ವಾ ಕೆಡುಕನ್ನು ಗಂಡಾಗಿ ಬರೆದಳು. ಒಳಿತು ಹೆಣ್ಣು. ಇದನ್ನು ಓದಿದಾಗ ನಾನಂತೂ ಒಬ್ಬಳೇ ಕೂತು ನಕ್ಕೆ.

ಮೂವರು ಸೈಕಿಯರು

ಅದೇ ವರ್ಷ ಬೆನ್ವಾ ಇನ್ನೊಂದು ಚಿತ್ರವನ್ನೂ ಇಟ್ಟಿದ್ದಳು. ಸೈಕಿ ತನ್ನ ಮನೆಯವರಿಂದ ಬೀಳ್ಕೊಡುವ ದೃಶ್ಯ. ಸೈಕಿಯ ಕಥೆ ನಮ್ಮಲ್ಲಿ ಅಷ್ಟು ಪರಿಚಿತವಲ್ಲ, ಸ್ವಲ್ಪದರಲ್ಲಿ ಹೇಳ್ತೀನಿ. ಸೈಕಿ ಒಬ್ಬ ರಾಜನ ಕಿರಿಮಗಳು. ಎಷ್ಟು ಚೆಲುವೆ ಅಂದ್ರೆ ಜನ ವೀನಸ್‌ಳನ್ನು ಬಿಟ್ಟು ಇವಳಿಗೇ ಪೂಜೆ ಮಾಡತೊಡಗಿದರು. ಎಲ್ಲರೂ ನೋಡಿ ಕೈಮುಗಿದು ಹೋಗ್ತಾರೆ, ಮದುವೆಯಾಗ್ತೀನಿ ಅಂತ ಮಾತ್ರ ಒಬ್ಬನೂ ಬರೋದಿಲ್ಲ. ಅಪ್ಪ ದೇವವಾಣಿ ಕೇಳಿಸಿದರೆ, ‘ಮದುವಣಗಿತ್ತಿಯಂತೆ ಸಿಂಗರಿಸಿ ಬೆಟ್ಟದ ತುದಿಯಲ್ಲಿ ಬಿಟ್ಟು ಬಾ, ಭಯಂಕರ ಜೀವಿಯೊಂದು ಅವಳನ್ನು ವರಿಸುತ್ತದೆ’ ಎಂಬ ಉತ್ತರ. ವೀನಸ್‌ಳ ಮಗ ಕ್ಯುಪಿಡ್, ಅಂದ್ರೆ ನಮ್ಮ ಮನ್ಮಥನಂಥವನು, ಅವಳನ್ನು ಪ್ರೀತಿಸಿ ರಾತ್ರಿ ಮಾತ್ರ ಬರುತ್ತಾನೆ. ನನ್ನ ಮುಖ ನೋಡಬಾರದು ಅನ್ನೋದು ಅವನ ಷರತ್ತು. ಬೆಳಕು ಹರಿಯುವ ಮುಂಚೆ ಹೊರಟುಹೋಗುತ್ತಾನೆ. ಆಮೇಲೆ ಕಷ್ಟಗಳು, ಅತ್ತೆಯ ಕಾಟ, ಕೊನೆಗೆ ಸುಖಾಂತ. ಅತಿಯಾದ ಚೆಲುವೇ ಒಬ್ಬ ಹುಡುಗಿಗೆ ಶಿಕ್ಷೆಯಾದ ಕಥೆ ಇದು.

ಈ ಒಂದೇ ಕಥೆಯಿಂದ ಮೂವರು ಮೂರು ಗಳಿಗೆಗಳನ್ನು ಆರಿಸಿಕೊಂಡರು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎಷ್ಟೋ ಅರ್ಥವಾಗುತ್ತದೆ.

ಬೆನ್ವಾ ಆರಿಸಿದ್ದು ತವರಿನವರು ಮಗಳನ್ನು ಕಳಿಸಿಕೊಡುವ ಗಳಿಗೆ. ಅಲ್ಲಿ ಕ್ಯುಪಿಡ್ ಇಲ್ಲ, ಪ್ರಣಯ ಇಲ್ಲ. ಮಗಳನ್ನು ಕಳೆದುಕೊಳ್ಳುತ್ತಿರುವ ಒಂದು ಕುಟುಂಬ ಇದೆ. ಈ ಚಿತ್ರ ಈಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮ್ಯೂಸಿಯಂ ಸಂಗ್ರಹದಲ್ಲಿದೆ.

1798ರಲ್ಲಿ ಫ್ರಾಂಸ್ವಾ ಜೆರಾರ್ ಬರೆದದ್ದು ಮೊದಲ ಮುತ್ತಿನ ಗಳಿಗೆ. ಲೂವ್ರ್‌ನಲ್ಲಿ ನೋಡಬಹುದು. ಸೈಕಿ ಕೂತಿದ್ದಾಳೆ, ಕ್ಯುಪಿಡ್ ಹಣೆಗೆ ಮುತ್ತಿಡುತ್ತಿದ್ದಾನೆ. ಅವನು ಅವಳಿಗೆ ಕಾಣಿಸುತ್ತಿಲ್ಲ, ಶೂನ್ಯವನ್ನು ನೋಡುತ್ತಿದ್ದಾಳೆ. ತಲೆಯ ಮೇಲೊಂದು ಚಿಟ್ಟೆ ಹಾರುತ್ತಿದೆ. ಗ್ರೀಕಿನಲ್ಲಿ ‘ಸೈಕಿ’ ಅಂದ್ರೆ ಆತ್ಮವೂ ಹೌದು, ಚಿಟ್ಟೆಯೂ ಹೌದು. ಆ ಮೈಯ ಬಿಳುಪು, ನುಣುಪು ನೋಡಿ! ಪಿಂಗಾಣಿ ಗೊಂಬೆಯ ಹಾಗೆ. ಎಲ್ಲೂ ಒಂದು ಮಚ್ಚೆ ಇಲ್ಲ, ಮಡಿಕೆ ಇಲ್ಲ, ಉಸಿರಾಡುತ್ತಿದ್ದಾಳೆ ಅಂತಲೂ ಅನ್ನಿಸೋದಿಲ್ಲ. ಚೆಂದ ಇದೆ, ಇಲ್ಲ ಅನ್ನಲಾರೆ. ಆದರೆ ಅವಳ ಜೊತೆ ಕೂತು ನಾಲ್ಕು ಮಾತಾಡೋಣ ಅನ್ನಿಸುವುದಿಲ್ಲ.

ಮೂರನೆಯವನು ದಾವೀದ್, ಈ ಶೈಲಿಯ ಹಿರಿಯ ಗುರು. ರಾಜನಿಗೆ ಮರಣದಂಡನೆ ಆಗಬೇಕೆಂದು ಕ್ರಾಂತಿಯ ಸಭೆಯಲ್ಲಿ ಮತ ಹಾಕಿದ್ದವನು. ರಾಜವಂಶ ಮರಳಿದ ಮೇಲೆ 1816ರಲ್ಲಿ ದೇಶ ಬಿಟ್ಟು ಬ್ರಸೆಲ್ಸ್‌ಗೆ ಹೋಗಬೇಕಾಯಿತು. ಅಲ್ಲಿ 1817ರಲ್ಲಿ ಅವನೂ ಸೈಕಿಯನ್ನು ಬರೆದ. ಬೆಳಗಾಗುತ್ತಿದೆ. ಸೈಕಿ ನಿದ್ದೆಯಲ್ಲಿದ್ದಾಳೆ. ಕ್ಯುಪಿಡ್ ಮೆಲ್ಲಗೆ ಮಂಚದಿಂದ ಜಾರಿಕೊಳ್ಳುತ್ತಾ, ನಮ್ಮ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದಾನೆ! ದೇವರ ಮುಖ ಅಲ್ಲವೇ ಅಲ್ಲ, ಯಾವುದೋ ಬೀದಿಯ ಪಡ್ಡೆ ಹುಡುಗನ ಮುಖ. ನೋಡಿದವರಲ್ಲಿ ಹಲವರಿಗೆ ಕಸಿವಿಸಿಯಾಯಿತು. ಆದರ್ಶ ಎಲ್ಲಿ, ದೈವತ್ವ ಎಲ್ಲಿ, ಮಾಡೆಲ್ ಹುಡುಗನನ್ನು ಇದ್ದ ಹಾಗೇ ಬರೆದಿದ್ದಾನಲ್ಲ ಅನ್ನೋದು ಅವರ ಆಕ್ಷೇಪ. ಈಗ ಅದು ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ. ಜೀವನವಿಡೀ ಆದರ್ಶ ಕಲಿಸಿದ ಮುದುಕ ಕೊನೆಗಾಲದಲ್ಲಿ ಎದುರಿಗಿದ್ದ ಹುಡುಗನನ್ನು ಅಳಿಸದೆ ಬಿಟ್ಟನಲ್ಲ ಎಂದು ನನಗೆ ಸಂತೋಷವೇ ಆಯಿತು.

ಚೆಲುವಿನ ಈ ತಿದ್ದುವಿಕೆ ಹೆಣ್ಣಿಗೆ ಮಾತ್ರ ಅಂದುಕೊಳ್ಳಬೇಡಿ. ದಾವೀದ್‌ನ ಶಿಷ್ಯ ಜಿರೊದೆ 1791ರಲ್ಲಿ ರೋಮಿನಲ್ಲಿ ‘ಎಂಡಿಮಿಯನ್‌ನ ನಿದ್ದೆ’ ಬರೆದ. ಚಂದ್ರದೇವತೆ ಮೋಹಿಸಿದ ಕುರುಬ ಹುಡುಗ ಅವನು, ಎಂದೂ ಮುಗಿಯದ ನಿದ್ದೆ ಪಡೆದವನು. ಚಿತ್ರದಲ್ಲಿ ದೇವತೆಗೆ ಆಕಾರವೇ ಇಲ್ಲ, ಅವಳು ಬರೀ ಬೆಳದಿಂಗಳು. ಆ ಬೆಳಕು ಹುಡುಗನ ಮೈಮೇಲೆ ಬಿದ್ದಿದೆ. ಅವನೂ ಅಷ್ಟೇ, ಬೆವರು-ಧೂಳು ಕಾಣದ ಕುರುಬ.

ಹೆಸರು ಹೇಳಿದ್ದಕ್ಕೆ ರಗಳೆ

ದೇವತೆಯ ಹೆಸರಿನ ಹಿಂದೆ ಯಾರಿದ್ದಾರೆ ಅಂತ ಊರಿಗೆಲ್ಲ ಗೊತ್ತಾದರೆ ಏನಾಗುತ್ತದೆ? ಅದಕ್ಕೂ ಇದೇ ಜಿರೊದೆಯ ಕಥೆ ಇದೆ. ಲಾಂಜ್ ಎಂಬ ಹೆಸರುವಾಸಿ ನಟಿಯನ್ನು ಅವನು ವೀನಸ್ ಆಗಿ ಬರೆದ. 1799ರ ಸಲೋನ್‌ನಲ್ಲಿ ಚಿತ್ರ ಪ್ರದರ್ಶನಕ್ಕಿತ್ತು. ಅವಳಿಗೆ ಹಿಡಿಸಲಿಲ್ಲ. ಚಿತ್ರ ತೆಗೆಸಿ ಎಂದಳು, ದುಡ್ಡಿನ ವಿಷಯದಲ್ಲೂ ತಕರಾರಾಯಿತು. ಜಿರೊದೆ ಸಿಟ್ಟಿನಿಂದ ಚಿತ್ರವನ್ನು ಹರಿದು ಅವಳಿಗೆ ಕಳಿಸಿಬಿಟ್ಟ. ಅಷ್ಟಕ್ಕೆ ಬಿಡಲಿಲ್ಲ. ಸಲೋನ್ ಮುಗಿಯುವ ಮುಂಚೆ ಇನ್ನೊಂದು ಚಿತ್ರ ತಂದು ನೇತುಹಾಕಿಸಿದ.

ಈ ಸಲ ಅವಳು ಡನಾಯಿ. ಗ್ರೀಕ್ ಪುರಾಣದಲ್ಲಿ ಡನಾಯಿಯನ್ನು ಅಪ್ಪ ಕೂಡಿಹಾಕಿರುತ್ತಾನೆ, ಜ್ಯೂಸ್ ದೇವರು ಚಿನ್ನದ ಮಳೆಯಾಗಿ ಸುರಿದು ಅವಳನ್ನು ಸೇರುತ್ತಾನೆ. ಜಿರೊದೆಯ ಡನಾಯಿ ಬಟ್ಟೆ ಹಿಡಿದು ಚಿನ್ನದ ನಾಣ್ಯಗಳನ್ನು ಬಾಚಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ನವಿಲುಗರಿ ಸಿಕ್ಕಿಸಿಕೊಂಡ ಒಂದು ಟರ್ಕಿ ಕೋಳಿ. ಅದು ಅವಳ ಶ್ರೀಮಂತ ಗಂಡನಂತೆ! ಕನ್ನಡಿ ಬಿರುಕು ಬಿಟ್ಟಿದೆ. ಪ್ಯಾರಿಸ್ ಜನ ಮುಗಿಬಿದ್ದು ನೋಡಿ ನಕ್ಕರು. ಚಿತ್ರ ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದೆ. ಕುಂಚದ ಕೌಶಲ ಬಹಳ ದೊಡ್ಡದು. ಮನಸ್ಸು ಮಾತ್ರ ಸಣ್ಣದು ಅಂತ ನನಗನ್ನಿಸುತ್ತದೆ. ತನ್ನ ಚಿತ್ರ ತನಗೆ ಇಷ್ಟವಾಗಲಿಲ್ಲ ಅಂತ ಬಾಯಿಬಿಟ್ಟು ಹೇಳಿದ ಹೆಣ್ಣಿಗೆ ಸಿಕ್ಕ ಉತ್ತರ ಅದು. ಪುರಾಣದ ಹೆಸರು ಹೊಗಳೋದಕ್ಕೆ ಎಷ್ಟು ಒದಗುತ್ತಿತ್ತೋ, ಮರ್ಯಾದೆ ತೆಗೆಯೋದಕ್ಕೂ ಅಷ್ಟೇ ಒದಗುತ್ತಿತ್ತು.

ಬೆನ್ನಿಗೆ ಐದು ಮೂಳೆ ಹೆಚ್ಚು

ಐವರನ್ನು ಸೇರಿಸಿದರೂ ಸಾಲದು, ಮೂಳೆಯನ್ನೇ ಹೆಚ್ಚಿಗೆ ಸೇರಿಸಬೇಕು ಅಂದವನು ಆಂಗ್ರ್. 1811ರಲ್ಲಿ ರೋಮಿನಿಂದ ‘ಜುಪಿಟರ್ ಮತ್ತು ಥೆಟಿಸ್’ ಎಂಬ ಮೂರು ಮೀಟರಿಗೂ ಎತ್ತರದ ಚಿತ್ರ ಕಳಿಸಿದ. ಥೆಟಿಸ್ ವೀರ ಅಖಿಲೀಸನ ತಾಯಿ. ಅವಮಾನಗೊಂಡ ಮಗನ ಪರವಾಗಿ ದೇವರಾಜನ ಮೊಣಕಾಲು ಹಿಡಿದು, ಗಡ್ಡಕ್ಕೆ ಕೈ ಚಾಚಿ ಬೇಡುತ್ತಿದ್ದಾಳೆ. ಅವಳ ಕುತ್ತಿಗೆ ಹಿಂದಕ್ಕೆ ಬಾಗಿ ಉಬ್ಬಿದೆ, ತೋಳಿಗೆ ಎಲುಬೇ ಇದ್ದಂತಿಲ್ಲ. ಟೀಕಾಕಾರರು ಮೆಚ್ಚಲಿಲ್ಲ. 1834ರವರೆಗೆ ಅದು ಮಾರಾಟವೂ ಆಗಲಿಲ್ಲ. ಈಗ ದಕ್ಷಿಣ ಫ್ರಾನ್ಸಿನ ಎಕ್ಸ್ ನಗರದ ಗ್ರಾನೆ ಮ್ಯೂಸಿಯಂನಲ್ಲಿದೆ. ಮಗನಿಗಾಗಿ ಬೇಡುವ ಹೊತ್ತಿನಲ್ಲೂ ತಾಯಿಯೊಬ್ಬಳು ಇಷ್ಟು ನಾಜೂಕಾಗಿ ಬಳುಕಬೇಕೇ ಅನ್ನೋದು ನನ್ನ ಪ್ರಶ್ನೆ.

ಅವನ ‘ಒಡಾಲಿಸ್ಕ್’ 1814ರದ್ದು. ಪುರಾಣವಲ್ಲ, ಟರ್ಕಿ ಅಂತಃಪುರದ ಹೆಣ್ಣು. ಆದರೆ ವೀನಸ್‌ಳ ಅದೇ ಮಲಗಿದ ಭಂಗಿ, ಹೆಸರು ಮಾತ್ರ ಬೇರೆ. 1819ರಲ್ಲಿ ಪ್ರದರ್ಶಿಸಿದಾಗ ಬೆನ್ನುಮೂಳೆಗೆ ಮೂರು ಗೆಣ್ಣು ಹೆಚ್ಚಿದೆ ಅಂತ ಟೀಕಿಸಿದರು. 2004ರಲ್ಲಿ ಫ್ರಾನ್ಸಿನ ವೈದ್ಯರು ನಿಜವಾದ ಹೆಂಗಸರ ಬೆನ್ನಿನ ಅಳತೆಯೊಂದಿಗೆ ಹೋಲಿಸಿ, ‘ಮೂರಲ್ಲ, ಐದು’ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಲೂವ್ರ್‌ನಲ್ಲಿ ಅದರ ಮುಂದೆ ನಿಂತಾಗ ಮಗಳು, ‘ಅಮ್ಮ, ಇವಳು ಎದ್ದು ನಿಂತ್ರೆ ಸೊಂಟ ನೋವು ಗ್ಯಾರಂಟಿ’ ಅಂದಳು. ‘ಎದ್ದು ನಿಲ್ಲೋಕೆ ಎಲ್ಲಿ ಬಿಟ್ಟಿದ್ದಾರೆ ಬಿಡು’ ಅಂದೆ.

ಆಂಗ್ರ್ ಕೈಲಾಗದೆ ಹಾಗೆ ಬರೆದವನಲ್ಲ. ಅವನ ಪೆನ್ಸಿಲ್ ಭಾವಚಿತ್ರಗಳನ್ನು ನೋಡಿದರೆ ಇದ್ದದ್ದನ್ನು ಇದ್ದ ಹಾಗೆ ಹಿಡಿಯುವುದರಲ್ಲಿ ಅವನ ಕೈ ಎಂಥದ್ದು ಅಂತ ಗೊತ್ತಾಗುತ್ತದೆ. ಗೆರೆಯ ಓಟ ಚೆಂದವಾಗಿರಲಿ ಎಂದು ಬೇಕೆಂದೇ ಬೆನ್ನನ್ನು ಎಳೆದ. ‘ಚಿಲುಮೆ’ ಎಂಬ ಇನ್ನೊಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಹೆಗಲ ಮೇಲಿನ ಮಡಕೆಯಿಂದ ನೀರು ಸುರಿಯುತ್ತಿದ್ದಾಳೆ. ಅದನ್ನು ಶುರು ಮಾಡಿದ್ದು 1820ರ ಹೊತ್ತಿಗೆ, ಮುಗಿಸಿದ್ದು 1856ರಲ್ಲಿ. ಅಷ್ಟರಲ್ಲಿ ಅವನಿಗೆ 76 ವರ್ಷ. ಚಿತ್ರದ ಹುಡುಗಿಗೆ ಮಾತ್ರ ಒಂದು ದಿನವೂ ವಯಸ್ಸಾಗಿಲ್ಲ. ಇದನ್ನೆಲ್ಲ ಇಷ್ಟು ಹೇಳಿದ್ದು ಯಾಕೆಂದರೆ, ನಮ್ಮ ಹೆಣ್ಣುಮಕ್ಕಳು ಇವತ್ತು ಮೊಬೈಲಿನಲ್ಲಿ ಫಿಲ್ಟರ್ ಹಾಕಿದ ಮುಖಗಳನ್ನು ನೋಡಿ ಕೊರಗುತ್ತಾರಲ್ಲ, ಅವರಿಗೆ ಹೇಳಬೇಕು: ಇನ್ನೂರು ವರ್ಷದ ಹಿಂದೆ ಆ ‘ಪರಿಪೂರ್ಣ’ ಚೆಲುವೆಯರೂ ಆ ಚಿತ್ರದಲ್ಲಿದ್ದ ಹಾಗೆ ಎಲ್ಲೂ ಇರಲಿಲ್ಲ ಮಗಳೇ, ಅಂಥ ಬೆನ್ನೇ ಲೋಕದಲ್ಲಿ ಇಲ್ಲ.

ಕೊನೆಗೊಂದು ಹೆಸರು

ಹಾಗಾದರೆ ಎದುರಿಗೆ ನಿಂತವರ ಹೆಸರು ಎಲ್ಲೂ ಉಳಿದೇ ಇಲ್ಲವೇ? ಅಲ್ಲೊಂದು ಇಲ್ಲೊಂದು ಉಳಿದಿವೆ. ದಾವೀದ್ 1824ರಲ್ಲಿ ಮುಗಿಸಿದ ಕೊನೆಯ ದೊಡ್ಡ ಚಿತ್ರದಲ್ಲಿ ವೀನಸ್ ಯುದ್ಧದೇವತೆ ಮಾರ್ಸ್‌ನ ಆಯುಧ ಬಿಡಿಸುತ್ತಿದ್ದಾಳೆ. ಆ ವೀನಸ್‌ಗೆ ರೂಪದರ್ಶಿಯಾದವಳು ಬ್ರಸೆಲ್ಸ್ ರಂಗಮಂದಿರದ ನರ್ತಕಿ ಮಾರಿ ಲೆಸ್ಯೂರ್. ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಪುರಾಣವೇ ಅಲ್ಲದ ಒಂದು ಚಿತ್ರ. ಬರೆದವಳು ಮತ್ತೆ ಅದೇ ಬೆನ್ವಾ.

1800ರ ಸಲೋನ್‌ನಲ್ಲಿ ಅವಳು ಒಬ್ಬ ಕಪ್ಪು ಹೆಂಗಸಿನ ಭಾವಚಿತ್ರ ಇಟ್ಟಳು. ಹಿಂದೆ ಏನೂ ಇಲ್ಲದ ತಿಳಿಬಣ್ಣದ ಗೋಡೆ. ತಲೆಗೆ ಬಿಳಿ ಬಟ್ಟೆ, ಮೈಮೇಲೆ ಬಿಳಿ ಉಡುಪು, ಕುರ್ಚಿಯ ಮೇಲೆ ನೀಲಿ ಶಾಲು, ಸೊಂಟದಲ್ಲಿ ಕೆಂಪು ಪಟ್ಟಿ, ಕಿವಿಯಲ್ಲಿ ಚಿನ್ನದ ಓಲೆ. ಒಂದು ಎದೆ ತೆರೆದಿದೆ, ಪುರಾಣದ ದೇವತೆಯರ ಚಿತ್ರದಲ್ಲಿರುವ ಹಾಗೇ. ಆದರೆ ಕಣ್ಣು ಸೈಕಿಯ ಹಾಗೆ ಶೂನ್ಯಕ್ಕೆ ನೆಟ್ಟಿಲ್ಲ, ನೇರ ನಮ್ಮನ್ನೇ ನೋಡುತ್ತದೆ. ಏನೋ ಹೇಳೋದಿದೆ, ಆದರೆ ಹೇಳೋದಿಲ್ಲ ಅನ್ನೋ ನೋಟ. ಬಿಳಿ ಕಲ್ಲಿನ ಚೆಲುವಿಗೆ ಅಷ್ಟು ಮರುಳಾಗಿದ್ದ ಕಾಲದಲ್ಲಿ, ಅದೇ ಶೈಲಿಯ ಸ್ಪಷ್ಟ ಗೆರೆ, ಅದೇ ಗಾಂಭೀರ್ಯವನ್ನು ಬೆನ್ವಾ ಈ ಕಪ್ಪು ಮೈಗೆ ಕೊಟ್ಟಳು.

ಚಿತ್ರದ ಶೀರ್ಷಿಕೆಯಲ್ಲಿ ಮಾತ್ರ ಆ ಹೆಂಗಸಿನ ಜಾತಿ-ಬಣ್ಣ ಸೂಚಿಸುವ ಒಂದು ಪದ ಇತ್ತು, ಹೆಸರಿರಲಿಲ್ಲ. ಅವಳು ಬೆನ್ವಾಳ ಮೈದುನನ ಮನೆಯ ಕೆಲಸದವಳು, ಗ್ವಾಡಲೂಪ್ ದ್ವೀಪದಿಂದ ಬಂದವಳು. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1794ರಲ್ಲಿ ರದ್ದು ಮಾಡಿತ್ತು. 1802ರಲ್ಲಿ ನೆಪೋಲಿಯನ್ ಮತ್ತೆ ತಂದ. ಆ ಎರಡು ವರ್ಷಗಳ ನಡುವೆ ಹುಟ್ಟಿದ ಚಿತ್ರ ಇದು. ಅವಳು ಒಪ್ಪಿ ಕೂತಳೋ, ಕೂರು ಅಂದದ್ದಕ್ಕೆ ಕೂತಳೋ? ಎದೆ ತೆರೆದು ಕೂರುವುದು ಅವಳ ಇಷ್ಟವಾಗಿತ್ತೋ? ಮನೆಯೊಡೆಯರ ಕಡೆಯವಳಾದ ಚಿತ್ರಗಾರ್ತಿಗೆ ಕೆಲಸದವಳು ‘ಬೇಡ’ ಅನ್ನಬಹುದಿತ್ತೇ? ಗೌರವದಿಂದ ಬರೆದ ಚಿತ್ರದಲ್ಲೂ ಈ ಪ್ರಶ್ನೆಗಳು ಹಾಗೇ ಇರುತ್ತವೆ.

ಬೆನ್ವಾಳ ಕಥೆಯೂ ಸುಖವಾಗಿ ಮುಗಿಯಲಿಲ್ಲ. 1814ರಲ್ಲಿ ಗಂಡನಿಗೆ ಸರ್ಕಾರದಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಅಂಥವರ ಹೆಂಡತಿ ಚಿತ್ರ ಪ್ರದರ್ಶನ ಮಾಡೋದು ಶೋಭೆಯಲ್ಲ ಎಂದಾಗಿ ಅವಳು ಪ್ರದರ್ಶನ ನಿಲ್ಲಿಸಬೇಕಾಯಿತು. 1818ರಲ್ಲಿ ಸರ್ಕಾರ ಅವಳ ಈ ಚಿತ್ರವನ್ನು ಕೊಂಡುಕೊಂಡಿತು. ಹೀಗೆ ಅದು ಲೂವ್ರ್ ಸೇರಿತು.

2019ರಲ್ಲಿ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂ ಫ್ರೆಂಚ್ ಕಲೆಯಲ್ಲಿ ಕಪ್ಪು ರೂಪದರ್ಶಿಗಳ ಬಗ್ಗೆಯೇ ಒಂದು ಪ್ರದರ್ಶನ ನಡೆಸಿತು. ಚಿತ್ರಗಳ ಹಿಂದಿನ ಮನುಷ್ಯರ ಹೆಸರುಗಳನ್ನು ಸಂಶೋಧಕರು ಹುಡುಕಿ ತೆಗೆದಿದ್ದರು. ಬೆನ್ವಾಳ ಚಿತ್ರದ ಪಕ್ಕ ಹೊಸ ಶೀರ್ಷಿಕೆ ಬಂತು: ‘ಮದೆಲೀನ್‌ಳ ಭಾವಚಿತ್ರ’. 219 ವರ್ಷಗಳ ಮೇಲೆ ಅವಳಿಗೆ ಅವಳ ಹೆಸರು ಸಿಕ್ಕಿತು.

ನಮ್ಮ ಮನೆಗಳ ಗೋಡೆಯಲ್ಲೂ ಇಂಥ ಪ್ರಶ್ನೆಗಳು ತೂಗುತ್ತಿವೆ. ರಾಜಾ ರವಿವರ್ಮ ಯುರೋಪಿನ ಅಕಾಡೆಮಿ ಶೈಲಿಯ ತೈಲಚಿತ್ರದ ರೀತಿಯಲ್ಲೇ ನಮ್ಮ ಪುರಾಣಗಳನ್ನು ಬರೆದವರು. 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ ಮೇಲೆ ಅವರ ಲಕ್ಷ್ಮಿ, ಸರಸ್ವತಿಯರು ದೇವರಕೋಣೆಗಳಿಗೆ ಬಂದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಮೂಲಚಿತ್ರಗಳನ್ನೇ ನೋಡಬಹುದು. ಮುಂದಿನ ಸಲ ಹೋದಾಗ ಸೀರೆಯ ಜರಿ, ಒಡವೆಯ ಹೊಳಪು ನೋಡಿ ಮುಗಿದ ಮೇಲೆ, ಅವಸರ ಮಾಡದೆ ಒಂದು ನಿಮಿಷ ಹೆಚ್ಚಿಗೆ ನಿಲ್ಲಿ. ಆ ಮುಖ ಯಾರದ್ದಿರಬಹುದು? ಅಷ್ಟು ಹೊತ್ತು ಅಲುಗಾಡದೆ ಕೂತವಳಿಗೆ ಬೆನ್ನು ನೋಯುತ್ತಿತ್ತೇ? ಮನೆಯಲ್ಲಿ ಮಗು ಕಾಯುತ್ತಿತ್ತೇ? ಜೊತೆಯಲ್ಲಿ ಮಗಳೋ ಸೊಸೆಯೋ ಮೊಮ್ಮಗಳೋ ಇದ್ದರೆ ಅವರನ್ನೂ ಕೇಳಿ. ಚಿತ್ರದ ಚೆಲುವಿನ ಮುಂದೆ ತಮ್ಮನ್ನು ಅಳೆದುಕೊಳ್ಳುವುದಕ್ಕಿಂತ, ಅದರ ಹಿಂದೆ ಕೂತಿದ್ದವಳನ್ನು ಹುಡುಕುವುದು ಅವರಿಗೂ ಹೆಚ್ಚು ಖುಷಿ ಕೊಟ್ಟೀತು.